ಎರಡನೇ ಪ್ರಾಶಸ್ತ್ಯದ ಮತ ಮತ್ತು ಒಡೆದ ಸಮಾಜಗಳು

ಚುನಾವಣಾ ಪದ್ಧತಿಗಳ ಅಧ್ಯಯನ ಮೊದಲಿಗೆ ನ್ಯಾಯಯುತ ಪ್ರಾತಿನಿಧ್ಯವನ್ನು ಕುರಿತದ್ದಾಗಿತ್ತು. 1859ರಲ್ಲಿ ಥಾಮಸ್ ಹೇರ್ ಮತ ವರ್ಗಾವಣೆಯ ಕ್ರಮವನ್ನು ರೂಪಿಸಿದಾಗಲೂ, 1861ರಲ್ಲಿ ಜಾನ್ ಸ್ಟುವರ್ಟ್ ಮಿಲ್ ಅದನ್ನು ಎತ್ತಿಹಿಡಿದಾಗಲೂ, ಅಲ್ಪಸಂಖ್ಯಾತ ಅಭಿಪ್ರಾಯಕ್ಕೆ ಸಂಸತ್ತಿನಲ್ಲಿ ಜಾಗ ದೊರಕಿಸುವುದೇ ಅವರ ಕಾಳಜಿಯಾಗಿತ್ತು. ಚುನಾವಣೆಯ ನಿಯಮವೇ ವೈರವನ್ನು ಬೆಳೆಸಲೂ ತಗ್ಗಿಸಲೂ ಬಲ್ಲದೆಂಬ ವಿಚಾರಕ್ಕೆ ತೂಕ ಬಂದದ್ದು ವಸಾಹತುಗಳು ಸ್ವತಂತ್ರವಾದ ಮೇಲೆ. ಅತಿ ಹೆಚ್ಚು ಮತ ಪಡೆದವರೇ ಗೆಲ್ಲುವ ಪದ್ಧತಿ ಬಹುಜನಾಂಗೀಯ ದೇಶಗಳಿಗೆ ಒಗ್ಗದೆಂದು ಅರ್ಥಶಾಸ್ತ್ರಜ್ಞ ಆರ್ಥರ್ ಲೂಯಿಸ್ 1965ರಲ್ಲಿ, ಪಶ್ಚಿಮ ಆಫ್ರಿಕಾವನ್ನು ಕಣ್ಣಮುಂದಿಟ್ಟುಕೊಂಡು, ವಾದಿಸಿದರು.

ಈ ವಾದವನ್ನು ಮುಂದಕ್ಕೊಯ್ದ ಅರೆಂಡ್ ಲೈಪ್‌ಹಾರ್ಟ್, ಪ್ರತಿ ಗುಂಪಿಗೂ ಮತಬಲಕ್ಕೆ ತಕ್ಕ ಸ್ಥಾನ ಕೊಡುವ ಅನುಪಾತ ಪ್ರಾತಿನಿಧ್ಯವಿದ್ದು, ಗೆದ್ದ ನಾಯಕರು ಅಧಿಕಾರ ಹಂಚಿಕೊಂಡರೆ ಶಾಂತಿ ಸಾಧ್ಯವೆಂದು 1977ರಲ್ಲಿ ಪ್ರತಿಪಾದಿಸಿದರು. ಡೊನಾಲ್ಡ್ ಹೊರೊವಿಟ್ಜ್ 1985ರಲ್ಲಿ ಬೇರೆ ದಾರಿ ಹಿಡಿದು, ತನ್ನವರ ಮತದಿಂದಲೇ ಗೆಲ್ಲುವ ನಾಯಕನಿಗೆ ರಾಜಿಯ ಅಗತ್ಯವಿರುವುದಿಲ್ಲವಾದ್ದರಿಂದ, ಅನ್ಯ ಗುಂಪಿನ ಮತವಿಲ್ಲದೆ ಗೆಲುವು ಕೈಗೂಡದಂಥ ನಿಯಮ ಬೇಕೆಂದರು. ಪ್ರಾಶಸ್ತ್ಯ ಮತ ಅಂಥದೊಂದು ನಿಯಮ: ಮತದಾರರು ಅಭ್ಯರ್ಥಿಗಳನ್ನು 1, 2, 3 ಎಂದು ಗುರುತಿಸುತ್ತಾರೆ, ಯಾರಿಗೂ ಬಹುಮತ ಬಾರದಿದ್ದರೆ ಕೊನೆಯವರನ್ನು ಕೈಬಿಟ್ಟು ಅವರ ಮತಗಳನ್ನು ಮುಂದಿನ ಪ್ರಾಶಸ್ತ್ಯದಂತೆ ಹಂಚಲಾಗುತ್ತದೆ. ಕರ್ನಾಟಕ ವಿಧಾನ ಪರಿಷತ್ತಿನ ಪದವೀಧರ ಮತ್ತು ಶಿಕ್ಷಕರ ಕ್ಷೇತ್ರಗಳ ಮತದಾರರಿಗೆ ಈ ಕ್ರಮ ಪರಿಚಿತವೇ.

ಪಪುವಾ ನ್ಯೂಗಿನಿಯಲ್ಲಿ ಇದು ಫಲ ಕೊಟ್ಟಿತೆಂದು ಬೆಂಜಮಿನ್ ರೈಲಿ 2001ರ ಕೃತಿಯಲ್ಲಿ ತೋರಿಸಿದರು. 1964, 1968, 1972ರ ಚುನಾವಣೆಗಳಲ್ಲಿ ಅಭ್ಯರ್ಥಿಗಳು ನೆರೆಯ ಕುಲಗಳ ಎರಡನೇ ಪ್ರಾಶಸ್ತ್ಯವನ್ನೂ ಕೇಳಿದ್ದರು. 1975ರ ಸ್ವಾತಂತ್ರ್ಯದೊಂದಿಗೆ ಆ ಪದ್ಧತಿ ಹೋದ ಮೇಲೆ ಶೇ. 10ಕ್ಕಿಂತ ಕಡಿಮೆ ಮತ ಪಡೆದವರೂ ಗೆದ್ದರು, ಕುಲಗಳ ನಡುವಿನ ಹಿಂಸೆಯೂ ಬೆಳೆಯಿತು.

ಫಿಜಿಯ ಅನುಭವ ಇದಕ್ಕೆ ವಿರುದ್ಧ. ಅಲ್ಲಿ ಗಿರ್ಮಿಟ್ ಕರಾರಿನ ಮೇಲೆ ಹೋದ ಭಾರತೀಯರ ವಂಶಜರಿಗೂ ಮೂಲನಿವಾಸಿಗಳಿಗೂ ನಡುವೆ ಸೌಹಾರ್ದ ತರಲೆಂದು 1997ರ ಸಂವಿಧಾನ ಪ್ರಾಶಸ್ತ್ಯ ಮತವನ್ನು ತಂದಿತಾದರೂ, 71 ಸ್ಥಾನಗಳಲ್ಲಿ 46ನ್ನು ಜನಾಂಗವಾರು ಮತದಾರರಿಗೇ ಉಳಿಸಿತು. ಒಂದೇ ಜನಾಂಗ ಮತ ಹಾಕುವ ಕಡೆ ಅನ್ಯರ ಒಲವು ಗಳಿಸುವ ಮಾತೇ ಏಳುವುದಿಲ್ಲ. ಮೇಲಾಗಿ ಪ್ರಾಶಸ್ತ್ಯದ ಪಟ್ಟಿಯನ್ನು ಪಕ್ಷಗಳೇ ಕೊಡಬಹುದಾಗಿದ್ದರಿಂದ, ಮತದಾರರು ತೂಗಿ ನೋಡಬೇಕಾದುದನ್ನು ನಾಯಕರು ಲೆಕ್ಕಾಚಾರದಲ್ಲಿ ಮುಗಿಸಿದರು. 1999ರಲ್ಲಿ, ಮೂಲನಿವಾಸಿಗಳ ಪಕ್ಷದೊಡನೆ ಕೈಜೋಡಿಸಿದ್ದ ಭಾರತೀಯರ ನ್ಯಾಷನಲ್ ಫೆಡರೇಷನ್ ಪಕ್ಷ ಒಂದು ಸ್ಥಾನವನ್ನೂ ಗಳಿಸಲಿಲ್ಲ. ಲೇಬರ್ ಪಕ್ಷದ ಮಹೇಂದ್ರ ಚೌಧರಿ ಪ್ರಧಾನಿಯಾದರು, ಮರುವರ್ಷವೇ ದಂಗೆಯಲ್ಲಿ ಪದಚ್ಯುತರಾದರು. ದೋಷ ಪ್ರಾಶಸ್ತ್ಯ ಮತದ್ದು ಎನ್ನುವುದಕ್ಕಿಂತ, ಅದನ್ನು ನೆಟ್ಟ ಕ್ಷೇತ್ರಗಳದ್ದು ಎನ್ನುವುದೇ ಸರಿ.

ಈ ಚರ್ಚೆಯಲ್ಲಿ ಭಾರತದ ಅನುಭವಕ್ಕೆ ಇನ್ನೂ ಹೆಚ್ಚಿನ ಗಮನ ಸಲ್ಲಬೇಕಿದೆ. 1932ರ ಪೂನಾ ಒಪ್ಪಂದದಿಂದ ಬಂದ, ಎಲ್ಲ ಜಾತಿಯವರೂ ಮತ ಹಾಕುವ ಮೀಸಲು ಕ್ಷೇತ್ರ, ಅನ್ಯರ ಮತವಿಲ್ಲದೆ ಗೆಲ್ಲಲಾಗದ ವ್ಯವಸ್ಥೆಯೇ. ಅಲ್ಲಿ ದಲಿತ ಪ್ರತಿನಿಧಿ ಸವರ್ಣೀಯರ ಮತಕ್ಕೆ ಅಧೀನನಾಗುತ್ತಾನೆಂದು ಅಂಬೇಡ್ಕರ್ ಆಕ್ಷೇಪಿಸಿದ್ದರು. ಮತ ಹಂಚಿಕೆಯಿಂದ ಹುಟ್ಟುವ ಸೌಮ್ಯತೆಯ ಬೆಲೆಯನ್ನು ಯಾರು ತೆರುತ್ತಾರೆಂಬ ಈ ಪ್ರಶ್ನೆಗೆ ಹೊರೊವಿಟ್ಜ್ ಅವರ ಸಿದ್ಧಾಂತದಲ್ಲಿ ತೃಪ್ತಿಕರ ಉತ್ತರ ಸಿಗುವುದಿಲ್ಲ.