ಕೊರಡು ಕೊನರಿದ ತೋಟ



ಉರುಳಿದ ಮರದ ದಿಮ್ಮಿಗೆ ಬೆಲೆಯುಂಟು, ಬೊಡ್ಡೆಗೆ ಇಲ್ಲ. ಅದು ಅಗೆದರೆ ಸುಲಭವಾಗಿ ಬಾರದು, ಸೀಳಹೋದರೆ ಕೊಡಲಿಯ ಬಾಯಿ ಮೊಂಡಾಗುತ್ತದೆ. ಇಂಥ ಬೊಡ್ಡೆಗಳಿಂದಲೇ ತೋಟ ಕಟ್ಟಿದವರ ಕಥೆಯನ್ನು ಈ ಹೊತ್ತು ಹೇಳಬಯಸುತ್ತೇನೆ.

ಇಂಗ್ಲೆಂಡಿನ ಸ್ಟ್ಯಾಫರ್ಡ್‌ಷೈರಿನಲ್ಲಿ ಬಿಡಲ್ಫ್ ಗ್ರೇಂಜ್ ಎಂಬ ತೋಟವಿದೆ. ಅದನ್ನು ಮಾಡಿಸಿದ ಜೇಮ್ಸ್ ಬೇಟ್‌ಮನ್ ಆರ್ಕಿಡ್ ಸಸ್ಯಗಳ ವಿದ್ವಾಂಸ; ಅವನ ಗೆಳೆಯ ಎಡ್ವರ್ಡ್ ಕುಕ್ ಕಡಲಿನ ಚಿತ್ರಗಳಿಗೆ ಹೆಸರಾದ ಕಲಾವಿದ. 1856ರ ಹೊತ್ತಿಗೆ ಇಲ್ಲಿ ಅಂಕುಡೊಂಕಾದ ಹಾದಿಯೊಂದರ ಇಕ್ಕೆಲಗಳಲ್ಲಿ, ಕಿತ್ತ ಬೊಡ್ಡೆಗಳು ಬೇರುಗಳನ್ನು ಚಾಚಿಕೊಂಡು ಆಳೆತ್ತರವನ್ನು ಮೀರಿ ನಿಂತಿದ್ದವು. ನಡುನಡುವೆ ಗಿಡಬಳ್ಳಿಗಳು. ಇಂಗ್ಲಿಷಿನಲ್ಲಿ ಇದಕ್ಕೆ ‘ಸ್ಟಂಪರಿ’ ಎಂದು ಹೆಸರು. ಈ ಬಗೆಯ ತೋಟಗಳಲ್ಲಿ ಇದೇ ಮೊದಲನೆಯದೆಂಬ ಎಣಿಕೆಯಿದೆ.

ಇಂಥ ತೋಟಗಳ ಮುಖ್ಯ ನಿವಾಸಿ ಜರೀಗಿಡ. ಹೂವಿಲ್ಲ, ಬೀಜವಿಲ್ಲ, ಎಲೆಯಡಿಯ ಧೂಳಿನಂಥ ಕಣಗಳಿಂದಲೇ ಅದರ ಸಂತಾನ. ಅದಕ್ಕೆ ಬೇಕಾದುದು ನೆರಳು ಮತ್ತು ತೇವ. ಕೊಳೆಯುತ್ತಿರುವ ಮರ ನೀರನ್ನು ಹೀರಿ ಹಿಡಿದಿಡುತ್ತದೆ; ಬೇರಿನ ಸಂದುಗಳಲ್ಲಿ ತರಗೆಲೆ ಗೊಬ್ಬರವಾಗುತ್ತದೆ. ಸತ್ತ ಮರ ಸಾಕುತಾಯಿಯಾಗುತ್ತದೆ.

ಆದರೆ ಈ ಕಥೆಗೆ ಇನ್ನೊಂದು ಮುಖವೂ ಉಂಟು. ಆಗ ಇಂಗ್ಲೆಂಡಿಗೆ ಜರೀಗಿಡದ ಹುಚ್ಚು ಹಿಡಿದಿತ್ತು. ಲೇಖಕ ಚಾರ್ಲ್ಸ್ ಕಿಂಗ್ಸ್‌ಲಿ 1855ರಲ್ಲಿಯೇ ಅದನ್ನು ‘ಟೆರಿಡೋಮೇನಿಯ’ ಎಂದು ಕರೆದಿದ್ದ. ಜನರು ಕಾಡು ಕಣಿವೆಗಳಿಗೆ ನುಗ್ಗಿ ಗಿಡಗಳನ್ನು ಬುಡಸಹಿತ ಕಿತ್ತು ತಂದರು. ಕಿಲಾರ್ನಿ ಜರೀಗಿಡವೆಂಬ ಅಪರೂಪದ ಸಸ್ಯವಂತೂ ಹಲವು ನೆಲೆಗಳಲ್ಲಿ ಹೇಳಹೆಸರಿಲ್ಲದಾಯಿತು. ಸತ್ತ ಬೊಡ್ಡೆಗೆ ಬಾಳು ಕೊಟ್ಟ ಕಾಲವೇ ಬದುಕಿದ್ದ ಕಾಡನ್ನು ಬರಿದುಮಾಡಿತು. ಪ್ರೀತಿಯೂ ಕೊಲ್ಲಬಲ್ಲದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ನನಗೆ ಬೇಕಿಲ್ಲ.

ಬಿಡಲ್ಫ್ ತೋಟ 1988ರಲ್ಲಿ ನ್ಯಾಷನಲ್ ಟ್ರಸ್ಟಿನ ವಶಕ್ಕೆ ಬಂದು ಜೀರ್ಣೋದ್ಧಾರಗೊಂಡಿತು. ಮುಂದೆ, ಆಗ ಯುವರಾಜರಾಗಿದ್ದ ಚಾರ್ಲ್ಸ್ ಅವರ ಹೈಗ್ರೋವ್ ತೋಟದಲ್ಲಿಯೂ ಬೊಡ್ಡೆಗಳು ಎದ್ದುನಿಂತವು. ಇಂದು ಅವುಗಳ ಬೆಲೆ ಅಂದಕ್ಕಷ್ಟೇ ಅಲ್ಲ. ಅಲ್ಲಿನ ಕೊಂಬಿನ ಜೀರುಂಡೆಯ ಮರಿಹುಳು ಕೊಳೆತ ಮರವನ್ನು ತಿಂದೇ ವರ್ಷಗಟ್ಟಲೆ ಬೆಳೆಯುತ್ತದೆ. ಬೊಡ್ಡೆಯನ್ನು ಸುಟ್ಟರೆ ಅದರ ತೊಟ್ಟಿಲನ್ನೇ ಸುಟ್ಟಂತೆ.

ಕೊರಡು ಕೊನರುವ ಮಾತು ಕನ್ನಡಿಗರಿಗೆ ಹೊಸದಲ್ಲ. ನಿಮ್ಮ ಹಿತ್ತಿಲಲ್ಲಿ ಹಳೆಯ ಹಲಸಿನ ಬೊಡ್ಡೆಯೊಂದಿದ್ದರೆ ಬೆಂಕಿಯಿಡಬೇಡಿ. ಅದರ ಪಕ್ಕದಲ್ಲಿ ನೆರಳನ್ನು ಉಳಿಸಿ, ತೇವವನ್ನು ಕಾಯಿರಿ. ಜರೀಗಿಡಕ್ಕಾಗಿ ಕಾಡಿಗೆ ಹೋಗಬೇಡಿ. ಮಲೆನಾಡಿನ ಮಳೆಗಾಲ ಕಂಡವರಿಗೆ ಗೊತ್ತು: ಗಾಳಿಯೇ ಅದನ್ನು ಹೊತ್ತು ತರುತ್ತದೆ. ಕಾಯುವ ತಾಳ್ಮೆಯಷ್ಟೇ ನಮ್ಮ ಪಾಲಿನದು.