ವಿದೇಶಿ ವೈದ್ಯಕೀಯ ಪದವಿ: ಪರೀಕ್ಷಾ ಅಂಕಗಳ ಕಾಲಮಿತಿ

ಉರಿಗಾಂ, ರಾಬರ್ಟ್‌ಸನ್‌ಪೇಟೆ, ಬಂಗಾರಪೇಟೆ ಭಾಗಗಳಿಂದ ವಿದೇಶಕ್ಕೆ ತೆರಳಿ ವೈದ್ಯಕೀಯ ವ್ಯಾಸಂಗ ಮಾಡಲಿಚ್ಛಿಸುವವರು ಹೊರಡುವ ಮುನ್ನ ಬರೆಯುವ ನೀಟ್ ಹಾಗೂ ಹಿಂದಿರುಗಿದ ಬಳಿಕ ಬರೆಯುವ ಎಫ್‌ಎಂಜಿಇ, ಈ ಎರಡು ಪರೀಕ್ಷೆಗಳ ನಿಯಮಗಳನ್ನು ಒಂದೇ ಎಂದು ಭಾವಿಸತಕ್ಕದ್ದಲ್ಲ.

ನೀಟ್ ಅರ್ಹತೆಯು 2018ರ ಮೇ ತಿಂಗಳಿನಿಂದ ವಿದೇಶಿ ಪ್ರವೇಶಕ್ಕೂ ಕಡ್ಡಾಯವಾಗಿದೆ. ಇದರ ಅಂಕಗಳು ಫಲಿತಾಂಶ ಪ್ರಕಟವಾದ ದಿನದಿಂದ ಮೂರು ವರ್ಷ ಮಾತ್ರ ಊರ್ಜಿತ. ಉದಾಹರಣೆಗೆ, 2023ರ ಫಲಿತಾಂಶ ಜೂನ್ 13ರಂದು ಪ್ರಕಟವಾಯಿತು. ವಿದೇಶಿ ಪ್ರವೇಶಕ್ಕೆ ಆ ಅಂಕಗಳಿಗೆ ಬೆಲೆಯಿರುವುದು 2026ರ ಜೂನ್‌ವರೆಗೆ. ಗಡುವು ಮೀರಿದವರು ನೀಟ್ ಅನ್ನು ಮತ್ತೆ ಬರೆಯದೆ ಸೇರಿದರೆ, ಮುಂದೆ ಪದವಿ ಕೈಯಲ್ಲಿದ್ದರೂ ಇಲ್ಲಿ ನೋಂದಣಿಗೆ ತೊಡಕಾಗುತ್ತದೆ. ಮಧ್ಯವರ್ತಿಗಳ ಮಾತನ್ನೇ ನೆಚ್ಚದೆ ದಿನಾಂಕವನ್ನು ಸ್ವತಃ ಎಣಿಸಿಕೊಳ್ಳುವುದು ಲೇಸು.

ಎಫ್‌ಎಂಜಿಇ ವರ್ಷಕ್ಕೆ ಎರಡು ಬಾರಿ ನಡೆಯುತ್ತದೆ. 300ಕ್ಕೆ 150 ಅಂಕ ಗಳಿಸತಕ್ಕದ್ದು. ಪ್ರಯತ್ನಗಳ ಸಂಖ್ಯೆಗೆ ಮಿತಿಯಿಲ್ಲ. ಆದರೆ 2021ರ ನವೆಂಬರ್ 18ರ ನಿಯಮಾವಳಿಗೆ ಒಳಪಡುವವರು ಕನಿಷ್ಠ 54 ತಿಂಗಳ ವಿದೇಶಿ ವ್ಯಾಸಂಗವನ್ನು, ಸೇರಿದ ದಿನದಿಂದ 10 ವರ್ಷದೊಳಗೆ ಪೂರ್ಣಗೊಳಿಸಿರಬೇಕು.

ಉತ್ತೀರ್ಣರಾದವರು ಇಲ್ಲಿಯ 12 ತಿಂಗಳ ಇಂಟರ್ನ್‌ಶಿಪ್ ಆರಂಭಿಸುವ ಮುನ್ನ ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ತಾತ್ಕಾಲಿಕ ನೋಂದಣಿ ಪಡೆಯತಕ್ಕದ್ದು.