ಗೋದಲಿಯ ಮುಂದಿನ ಮಣ್ಣೆತ್ತು

ಕಾರಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ ಬರುವ ಅಮಾವಾಸ್ಯೆಯಂದು ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ಹಳ್ಳಿಗಳಲ್ಲಿ ಹೊಲದ ಎರೆಮಣ್ಣು ಮನೆಯೊಳಗೆ ಬರುತ್ತದೆ. ಮುಂಗಾರಿಗೆ ನೆನೆದ ಆ ಜಿಗುಟು ಮಣ್ಣನ್ನು ನಾದಿ ಹದಮಾಡಿ ಜೋಡೆತ್ತುಗಳನ್ನು ಮಾಡುತ್ತಾರೆ. ಅವುಗಳ ಮುಂದೆ ಮೇವು ತಿನ್ನಲೆಂದು ಪುಟ್ಟದೊಂದು ಗೋದಲಿಯನ್ನೂ ಇಡುತ್ತಾರೆ. ಇದೇ ಮಣ್ಣೆತ್ತಿನ ಅಮಾವಾಸ್ಯೆ. ನಿಪ್ಪಾಣಿ ಭಾಗದ ಮರಾಠಿ ನೆರೆಯವರಲ್ಲಿ ಎತ್ತುಗಳ ಹಬ್ಬಕ್ಕೆ ಬೇಂದೂರ ಎಂಬ ಹೆಸರಿದೆ. ಜ್ಯೇಷ್ಠ ಮಾಸದಲ್ಲಿ ಬರುವುದನ್ನು ಕೊಲ್ಹಾಪುರದ ಕಡೆಯವರು 'ಕರ್ನಾಟಕಿ ಬೇಂದೂರ' ಎಂದೇ ಕರೆಯುತ್ತಾರೆ. ಗಡಿಯ ವಾದ ಏನೇ ಇರಲಿ, ಎತ್ತಿನ ವಿಷಯದಲ್ಲಿ ಎರಡೂ ಕಡೆಯವರು ಒಂದೇ.

ಪೂಜೆಯ ಮಾತು ಬೇರೆ. ನಾನಿಲ್ಲಿ ಹೇಳಹೊರಟದ್ದು ಮಕ್ಕಳ ಆನಂದವನ್ನು ಕುರಿತು. ಕಾಸು ಖರ್ಚಿಲ್ಲ, ಕಾಲಡಿಯ ಮಣ್ಣೇ ಸಾಕು. ಹಬ್ಬ ಮುಗಿದ ಮೇಲೆ ಮಕ್ಕಳು ತಮ್ಮ ಎತ್ತು ಕುಂಟಾಗಿದೆಯೆಂದು ಹಾಡುತ್ತ ಮನೆಮನೆಗೆ ಹೋಗಿ ಜೋಳ ಬೇಡುವ ರೂಢಿಯೂ ಉಂಟು. ಮಣ್ಣಿನ ಎತ್ತು ಕುಂಟೀತೇ ಎಂದು ಯಾರೂ ಕೇಳುವುದಿಲ್ಲ. ನಗುತ್ತ ಬೊಗಸೆ ಕಾಳು ನೀಡುತ್ತಾರೆ.

ಇದನ್ನು ಹೊಟ್ಟೆ ತುಂಬಿದವರ ಆಟವೆಂದು ತಿಳಿಯಬಾರದು. ಕೃಷ್ಣೆಯ ದಂಡೆಯನ್ನು ಬಿಟ್ಟು ಅಥಣಿಯ ಪೂರ್ವಕ್ಕೆ ಸರಿದಂತೆ ಮಳೆ ನೆಚ್ಚಲಾಗದ ಬಯಲು ಆರಂಭವಾಗುತ್ತದೆ. 1876ರಿಂದ 1878ರವರೆಗಿನ ಮಹಾ ಬರಗಾಲವು ಬೆಳಗಾವಿ ಜಿಲ್ಲೆಯನ್ನು ಹಿಂಡಿಹಾಕಿತು. 1872ರ ಜನಗಣತಿಗೆ ಹೋಲಿಸಿದರೆ 1881ರಲ್ಲಿ ಜಿಲ್ಲೆಯ ಜನಸಂಖ್ಯೆ ಎಪ್ಪತ್ತು ಸಾವಿರಕ್ಕೂ ಮಿಕ್ಕಿ ಕುಸಿದಿತ್ತು. ಪರಿಹಾರ ಕಾಮಗಾರಿಗಳಲ್ಲಿ ಗಂಡಾಳಿನ ದಿನದ ಕೂಲಿಯನ್ನು ಸರ್ ರಿಚರ್ಡ್ ಟೆಂಪಲ್ ಒಂದು ಪೌಂಡು ಧಾನ್ಯದ ಲೆಕ್ಕಕ್ಕೆ ಇಳಿಸಿದಾಗ ಮುಂಬಯಿ ಪ್ರಾಂತದ ಸಾವಿರಾರು ಕೂಲಿಕಾರರು ಕೆಲಸವನ್ನೇ ಬಿಟ್ಟು ನಡೆದರು. ಇಂಥ ಬರದಲ್ಲಿ ಮೇವಿಲ್ಲದೆ ಮೊದಲು ಬೀಳುವುದು ದನಗಳು. ಎತ್ತು ಹೋದ ರೈತನಿಗೆ ಮರುವರ್ಷ ಮಳೆ ಬಂದರೂ ಉಳುಮೆಯಿಲ್ಲ, ಬಿತ್ತನೆಯಿಲ್ಲ. ಆದುದರಿಂದ ಈ ನಾಡಿನಲ್ಲಿ ಹಟ್ಟಿಯಲ್ಲೊಂದು ಜೋಡೆತ್ತು ಮೆಲುಕು ಹಾಕುತ್ತ ನಿಂತಿರುವುದೇ ದೊಡ್ಡ ಭಾಗ್ಯವಾಗಿತ್ತು. ಆ ಭಾಗ್ಯವನ್ನು ಮರೆಯದವರ ಮಕ್ಕಳು ಮಣ್ಣಿನಲ್ಲಿ ಎತ್ತು ಮಾಡಿ ನಲಿದರು.

ನಮ್ಮ ಕ್ರಿಸ್ತಜಯಂತಿಯಲ್ಲೂ ಒಂದು ಎತ್ತು ಇದೆ. ಅದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಸಂತ ಲೂಕನ ಶುಭಸಂದೇಶವನ್ನು ತೆರೆದು ನೋಡಿರಿ: ಗೋದಲಿಯಿದೆ, ಕುರುಬರಿದ್ದಾರೆ, ಎತ್ತು ಮಾತ್ರ ಇಲ್ಲ. ಅದು ಬಂದದ್ದು ಪ್ರವಾದಿ ಯೆಶಾಯನ ಗ್ರಂಥದ ಮೊದಲ ಅಧ್ಯಾಯದಿಂದ. ಎತ್ತಿಗೆ ತನ್ನ ಒಡೆಯನ ಗುರುತುಂಟು, ಕತ್ತೆಗೆ ತನಗೆ ಮೇವಿಡುವ ಗೋದಲಿಯ ಗುರುತುಂಟು, ದೇವಜನಕ್ಕೆ ಮಾತ್ರ ಆ ಅರಿವಿಲ್ಲವೆಂದು ಪ್ರವಾದಿ ಅಲ್ಲಿ ಕೊರಗುತ್ತಾನೆ. ನಾಲ್ಕನೆಯ ಶತಮಾನದ ಕ್ರೈಸ್ತ ಶಿಲ್ಪಿಗಳು ಈ ಮಾತನ್ನು ಮನಸ್ಸಿಗೆ ತಂದುಕೊಂಡರು. ಅವರು ಕಲ್ಲಿನಲ್ಲಿ ಕೆತ್ತಿದ ಕೆಲವು ಜನನದೃಶ್ಯಗಳಲ್ಲಿ ಮಾತೆ ಮರಿಯಳೂ ಇಲ್ಲ, ಜೋಸೆಫರೂ ಇಲ್ಲ. ಬಾಲಯೇಸುವಿನ ಬಳಿ ಎತ್ತು, ಕತ್ತೆ ಮಾತ್ರ. ಕೊಟ್ಟವನನ್ನು ಗುರುತಿಸಿದ ಪ್ರಾಣಿಗಳಿಗೆ ಅಷ್ಟು ಹತ್ತಿರದ ಸ್ಥಾನ!

ಅಸ್ಸಿಸಿಯ ಸಂತ ಫ್ರಾನ್ಸಿಸರು 1223ರ ಕ್ರಿಸ್ತಜಯಂತಿಗೆ ಇಟಲಿಯ ಗ್ರೆಚ್ಚೊ ಎಂಬ ಗುಡ್ಡದೂರಿನಲ್ಲಿ ಜೀವಂತ ಎತ್ತು ಕತ್ತೆಗಳನ್ನೇ ತರಿಸಿ ಗೋದಲಿಯನ್ನು ಸಿದ್ಧಪಡಿಸಿದರು. ಊರವರು ಪಂಜು ಹಿಡಿದು ಬಂದರು. ಬಂಗಾರದ ಬಾಲಯೇಸುವನ್ನೇನೂ ಅವರು ಬಯಸಲಿಲ್ಲ. ಹುಲ್ಲಿನ ಮೇಲೆ ಮಲಗಿದ ಕೂಸಿನ ಬಡತನವನ್ನು ಕಣ್ಣಾರೆ ಕಾಣಬೇಕೆಂದರು. ಎರಡೇ ವರ್ಷಗಳ ನಂತರ, 1225ರಲ್ಲಿ, ಕಣ್ಣು ಬಹುಮಟ್ಟಿಗೆ ಕಾಣದಾಗಿ ರೋಗದಲ್ಲಿ ನರಳುತ್ತಿದ್ದಾಗಲೇ ಅವರು ಸೂರ್ಯ, ನೀರು, ಬೆಂಕಿಗಳಿಗಾಗಿ ದೇವರನ್ನು ಕೊಂಡಾಡುವ ಗೀತೆಯನ್ನು ರಚಿಸಿದರು. ಸುಖದಲ್ಲಿದ್ದಾಗ ಹುಟ್ಟಿದ ಹಾಡಲ್ಲ ಅದು.

ಇಂದು ಈ ಸೀಮೆಯ ಹೊಲಗಳಲ್ಲಿ ಕಬ್ಬು ನಿಂತಿದೆ, ಉಳುಮೆಗೆ ಟ್ರ್ಯಾಕ್ಟರ್ ಬಂದಿದೆ. ಎರೆಭೂಮಿಯ ಉಳುಮೆಗೆಂದೇ ಹೆಸರಾದ, ಒಮ್ಮೆ ಅಮೆರಿಕದ ಬ್ರಾಹ್ಮನ್ ತಳಿಯನ್ನು ಬೆಳೆಸಲು ಹಡಗೇರಿದ್ದ ಕೃಷ್ಣಾ ಕಣಿವೆ ತಳಿಯ ದನಗಳು ಈಗ ವಿರಳ. ಬಣ್ಣ ಬಳಿದ ಮಣ್ಣೆತ್ತುಗಳು ಸಂತೆಯಲ್ಲಿ ಮಾರಾಟಕ್ಕೆ ಬರುತ್ತವೆ. ರೈತನ ಬೆನ್ನಿನ ಭಾರ ಇಳಿದಿದ್ದರೆ ಅದಕ್ಕಾಗಿ ಕೊರಗಬೇಕಿಲ್ಲ. ಆದರೆ ನಮ್ಮ ಮನೆಗಳ ಗೋದಲಿಯೂ ಅಂಗಡಿಯಿಂದಲೇ ಪೆಟ್ಟಿಗೆಯಲ್ಲಿ ಬಂದಿಳಿದಾಗ ಮಗುವಿಗೆ ಉಳಿಯುವುದು ನೋಡುವ ಕೆಲಸವೊಂದೇ. ಈ ಡಿಸೆಂಬರಿನಲ್ಲಿ ಧರ್ಮಕೇಂದ್ರದ ಮಕ್ಕಳ ಕೈಗೆ ಎರೆಮಣ್ಣಿನ ಮುದ್ದೆಯೊಂದನ್ನು ಕೊಟ್ಟು ನೋಡಬಾರದೇಕೆ? ಎತ್ತಿನ ಕೊಂಬು ಸೊಟ್ಟಗಾಗಬಹುದು, ಒಂದು ಕಾಲು ಗಿಡ್ಡವೂ ಆಗಬಹುದು. ಕುಂಟೆತ್ತಿಗೂ ಕಾಳು ನೀಡಿದ ನಾಡು ಇದು.

ಗ್ರೆಚ್ಚೊದ ಆ ರಾತ್ರಿಯ ಬಗ್ಗೆ ಫ್ರಾನ್ಸಿಸರ ಮೊದಲ ಚರಿತ್ರಕಾರ ಚೆಲಾನೊದ ತೋಮಸರು ಇನ್ನೊಂದು ಸಂಗತಿಯನ್ನು ಬರೆದಿಟ್ಟಿದ್ದಾರೆ. ಗೋದಲಿಯಲ್ಲಿ ಹಾಸಿದ್ದ ಹುಲ್ಲನ್ನು ಜನರು ಎಸೆಯಲಿಲ್ಲ, ಜೋಪಾನವಾಗಿ ಎತ್ತಿಟ್ಟುಕೊಂಡರು. ಮುಂದೆ ಸುತ್ತಲಿನ ಊರುಗಳಲ್ಲಿ ದನಕರುಗಳಿಗೆ ರೋಗ ಬಂದಾಗ ಆ ಹುಲ್ಲನ್ನು ತಿಂದು ಅವು ಗುಣಹೊಂದಿದವಂತೆ.